ಹೊಲದಾಗ ನಿಂತ ಮೂರನೇ ಮನಷ್ಯಾ



ಹೊಲ ನಮ್ಮದು ಅಂತ ಆರ್ಡರ್ ಆಗ್ಯಾದ. ಸಹಿ ಅದ, ಸಿಕ್ಕಾ ಅದ. ಆದರೆ ಹೊಲದಾಗ ಕಾಲಿಡಂಗಿಲ್ಲ. ಇದು ಯಾವ ಸೀಮೆಯ ನ್ಯಾಯ?

ಚಿಂಚೋಳಿ ತಾಲ್ಲೂಕಿನ ಐನಾಪುರದ ಕಡೆಯ ನಮ್ಮ ಬಳಗದ ಹುಡುಗನೊಬ್ಬನ ಮನೆಯ ಮಾತು ಇದು. ಅವನ ಮುತ್ಯಾನಿಗೆ ಸರ್ಕಾರ ಕೊಟ್ಟ ಲಾವಣಿ ಪಟ್ಟಾದ ಹೊಲ, ನಾಲ್ಕು ಎಕರೆ. 1972ರ ಬರದಾಗ ಎರಡು ಚೀಲ ಜೋಳಕ್ಕೂ ಚಿಲ್ಲರೆ ಸಾಲಕ್ಕೂ ಹೆಬ್ಬೆಟ್ಟು ಒತ್ತಿಸಿಕೊಂಡು ಊರ ದಣಿ ಅದನ್ನು ನುಂಗಿದ. ಮುತ್ಯಾ ಅದೇ ಹೊಲದಾಗ ಕೂಲಿಯಾದ. 1998ರಲ್ಲಿ ಅರ್ಜಿ ಹಾಕಿದ್ದು, 2006ರಲ್ಲಿ ಎ.ಸಿ. ಸಾಹೇಬರ ಆದೇಶ ಬಂತು: ಮಾರಾಟ ರದ್ದು, ಹೊಲ ವಾರಸುದಾರರಿಗೆ ವಾಪಸ್. ಕೇರಿಯಲ್ಲಿ ಹಲಗಿ ಬಡಿದರು, ಸಿಹಿ ಹಂಚಿದರು. ಜೀಪು ಬಂತು, ಪಂಚನಾಮೆ ಬರೆಯಲು ಕೂತರು. ಆಗ ಬದುವಿನ ಮೇಲಿಂದ ಇಳಿದು ಬಂದ ನೋಡಿರಿ ಮೂರನೇ ಮನಷ್ಯಾ!

‘ನಾ ದಣಿ ಕಡಿಂದ ತೊಗೊಂಡಿಲ್ರೀ. ದಣಿಯ ಅಳಿಯನ ಕಡಿಂದ ತೊಗೊಂಡೀನಿ. ನನಗ ನೋಟೀಸೇ ಬಂದಿಲ್ಲ.’

ಅಷ್ಟೇ. ಜೀಪು ಹೊಳ್ಳಿ ಹೋಯಿತು. ವಾರದೊಳಗೆ ಸಿವಿಲ್ ಕೋರ್ಟಿನಿಂದ ತಡೆಯಾಜ್ಞೆ. ಮುತ್ಯಾ ಸತ್ತ. ಪ್ರತಿ ವರ್ಷ ತೊಗರಿ ಬೆಳೆಯುತ್ತದೆ, ಮೂರನೇ ಮನಷ್ಯಾ ರಾಶಿ ಮಾಡುತ್ತಾನೆ.

ಈ ಮೂರನೆಯವನು ಆಕಾಶದಿಂದ ಉದುರಿದವನಲ್ಲ. ದಣಿಯೇ ಅವನನ್ನು ಹಡೆಯುತ್ತಾನೆ. ಕೇಸು ಸೋಲುವ ವಾಸನೆ ಬಂದ ಕೂಡಲೇ ಅಳಿಯನಿಗೆ, ಅಳಿಯನಿಂದ ಷಡ್ಡಕನಿಗೆ, ಷಡ್ಡಕನಿಂದ ಪಟ್ಟಣದ ಅಂಗಡಿಯವನಿಗೆ ಕಾಗದ ಓಡುತ್ತದೆ. ಹೊಲ ಮಾತ್ರ ಇದ್ದಲ್ಲೇ ಇರುತ್ತದೆ, ಅದರ ಮೇಲೆ ದಣಿಯ ಎತ್ತುಗಳೇ ಇರುತ್ತವೆ!

‘ಪಾಪ, ಅವನು ರೊಕ್ಕ ಕೊಟ್ಟು ಕೊಂಡವನು’ ಅಂತ ನಮ್ಮ ಹಾಸ್ಟೆಲ್ಲಿನ ಕೆಲವು ಓದಿದ ಗೆಳೆಯರೂ ಅನ್ನುತ್ತಾರೆ. ಸರಿ, ಲೆಕ್ಕ ಮಾಡೋಣ. ದೇವರಾಜ ಅರಸು ಕಾಲದ 1978ರ ಪಿ.ಟಿ.ಸಿ.ಎಲ್. ಕಾಯ್ದೆ 1979ರ ಜನವರಿ 1ರಿಂದ ಜಾರಿಗೆ ಬಂತು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಷರತ್ತು ಮುರಿದು ಕೊಂಡರೆ ಆ ವ್ಯವಹಾರ ಶೂನ್ಯ, ಅದು ಕಾಯ್ದೆಗಿಂತ ಮೊದಲೇ ನಡೆದಿದ್ದರೂ ಶೂನ್ಯ. ಸ್ವಾಧೀನದಲ್ಲಿ ಯಾರೇ ಇದ್ದರೂ ಎಬ್ಬಿಸಿ ಮೂಲ ಮಂಜೂರುದಾರನಿಗೆ ಇಲ್ಲವೆ ವಾರಸುದಾರನಿಗೆ ಕೊಡಬೇಕು. ಇದನ್ನು ಪ್ರಶ್ನಿಸಿ ಹೋದವರಿಗೆ 1984ರ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆ ಸರಿ ಅಂತಲೇ ಹೇಳಿತು. ಕಾಯ್ದೆ ಬರುವ ಮೊದಲೇ ದೀರ್ಘ ಅನುಭೋಗದಿಂದ ಹಕ್ಕು ಗಟ್ಟಿ ಮಾಡಿಕೊಂಡವರನ್ನಷ್ಟೇ ಹೊರಗೆ ಬಿಟ್ಟಿತು. ಅಂದ ಮೇಲೆ ಹೊಲ ಕೊಳ್ಳುವವನು ಪಹಣಿ ನೋಡಿ, ಮಂಜೂರಾತಿ ಷರತ್ತು ನೋಡಿ ಕೊಳ್ಳಬೇಕು. ಎತ್ತು ಕೊಳ್ಳುವಾಗ ಹಲ್ಲು ಎಣಿಸುವವನಿಗೆ ನಾಲ್ಕು ಎಕರೆ ಕೊಳ್ಳುವಾಗ ಕಣ್ಣು ಕಾಣುವುದಿಲ್ಲವೆ? ರೊಕ್ಕ ಹೋಯಿತೆಂದರೆ ಮಾರಿದವನ ಕೊರಳಪಟ್ಟಿ ಹಿಡಿಯಲಿ. ನಮ್ಮವರ ಬಾಯಿಯ ತುತ್ತಿಗೆ ಯಾಕೆ ಕೈ?

2017ರಲ್ಲಿ ಮತ್ತೊಂದು ಹೊಡೆತ ಬಿತ್ತು. ಇಪ್ಪತ್ತೈದು ವರ್ಷ ತಡವಾಗಿ ಬಂದ ಅರ್ಜಿ ನಿಲ್ಲದು, ‘ಸಮಂಜಸ ಕಾಲ’ದೊಳಗೆ ಬರಬೇಕು ಎಂದಿತು ಸುಪ್ರೀಂ ಕೋರ್ಟು. ಎದುರು ಪಕ್ಷದ ವಕೀಲರಿಗೆ ಹಬ್ಬವೋ ಹಬ್ಬ. ಬೆಂಗಳೂರಿನಲ್ಲಿ ನಮ್ಮ ಜನ ಧರಣಿ ಕೂತರು. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು ಕಾಲಮಿತಿ ಇಲ್ಲ ಎಂದು ಬರೆಯಲಾಯಿತು. 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠದಲ್ಲಿ ತಡದ ಮಾತು ಮತ್ತೆ ತಲೆ ಎತ್ತಿತು. ಹೆಬ್ಬೆಟ್ಟಿನ ಮುತ್ಯಾನಿಗೆ ಕಾಲದ ಲೆಕ್ಕ ಕೇಳುವವರು, ಆದೇಶವಾದ ಮೇಲೆ ಹದಿನೆಂಟು ಇಪ್ಪತ್ತು ವರ್ಷ ಕಬ್ಜಾ ಕೊಡದವರಿಗೆ ಯಾವ ಗಡಿಯಾರ ತೋರಿಸುತ್ತಾರೆ?

ಈಗ ನಾಣ್ಯದ ಇನ್ನೊಂದು ಮುಖ. ಇದನ್ನು ಗಮನವಿಟ್ಟು ಓದಿರಿ, ಯಾಕಂದ್ರ ಇಲ್ಲಿ ಮೂರನೇ ಮನಷ್ಯಾ ನಾವೇ.

ದಣಿಯ ಇಬ್ಬರು ಮಕ್ಕಳು ಪಾಲಿಗಾಗಿ ಜಗಳಾಡುತ್ತಾರೆ. ಒಬ್ಬ ಡಿಕ್ರಿ ತರುತ್ತಾನೆ. ಆ ಜಾಗದಲ್ಲಿ ಎರಡು ತಲೆಮಾರಿನಿಂದ ಗುಡಿಸಲು ಹಾಕಿಕೊಂಡವರು, ಪಾಲಿಗೆ ಹೊಲ ಮಾಡುವವರು ನಮ್ಮವರು. ಪಹಣಿಯಲ್ಲಿ ಹೆಸರಿಲ್ಲ, ದಾವೆಯಲ್ಲಿ ಹೆಸರಿಲ್ಲ. ಅಮೀನ ವಾರಂಟು ಹಿಡಿದು ಬರುತ್ತಾನೆ, ನಮ್ಮವ್ವಂದಿರು ಗಡಿಗೆ ಮಡಿಕೆ ಎತ್ತಿಕೊಂಡು ಬೀದಿಗೆ ಬರುತ್ತಾರೆ. ಅವರಿಗೆ ಯಾರೂ ಹೇಳಿಲ್ಲ, ತಡೆದು ನಿಲ್ಲುವ ಹಕ್ಕು ಅವರಿಗೆ ಉಂಟೆಂದು!

ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶ, 97ರಿಂದ 103ರವರೆಗಿನ ನಿಯಮ. ದಾವೆಗೆ ಸೇರದವನು ತನ್ನ ಸ್ವಂತ ಹಕ್ಕಿನ ಮೇಲೆ ತಡೆದರೆ ಅಮಲ್ಜಾರಿ ಕೋರ್ಟು ಅವನ ಮಾತು ಕೇಳಿ ತೀರ್ಮಾನ ಮಾಡಬೇಕು. ಮೊದಲು ಹೊರಗೆ ಹಾಕಿ ಆಮೇಲೆ ಕೇಳುತ್ತೇವೆ ಅನ್ನುವಂತಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟ ಮಾಡಿದೆ. ಹೊರಗೆ ಹಾಕಿಬಿಟ್ಟಿದ್ದರೆ 99ನೇ ನಿಯಮದಂತೆ ಅರ್ಜಿ, ಅದಕ್ಕೆ 30 ದಿನ ಮಾತ್ರ. 31ನೇ ದಿನ ಹೋದರೆ ಕಷ್ಟ. ಬೇರೆ ದಾವೆ ಹೂಡಬೇಕಾಗಿಲ್ಲ, ಅಲ್ಲೇ ಎಲ್ಲಾ ಪ್ರಶ್ನೆ ಮುಗಿಯಬೇಕು. ದಾವೆ ನಡೆಯುತ್ತಿರುವಾಗ ಸೋಲುವವನಿಂದ ಕೊಂಡವನಿಗೆ ಮಾತ್ರ ಈ ರಕ್ಷಣೆ ಇಲ್ಲ, 102ನೇ ನಿಯಮ ಅವನನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಅಂದರೆ ಡಿಕ್ರಿ ಪಡೆದವರು ನಾವಾದಾಗ ದಣಿಯ ಅಳಿಯನಿಗೆ ತೋರಿಸಬೇಕಾದ್ದು 102. ಗುಡಿಸಲಲ್ಲಿ ಇರುವವರು ನಾವಾದಾಗ ಹಿಡಿಯಬೇಕಾದ್ದು 97. ಇವೆರಡು ಅಂಕಿ ಬಾಯಿಪಾಠ ಮಾಡಿಕೊಳ್ಳಿರಿ, ಪರೀಕ್ಷೆಗೆ ಬರೋದಿಲ್ಲ, ಊರಿಗೆ ಬರ್ತಾವ.

ಇನ್ನೊಂದು ತಮಾಷೆ ಕೇಳಿರಿ. ಅದೇ ಆದೇಶದ 36ನೇ ನಿಯಮ: ಜಾಗದಲ್ಲಿ ಡಿಕ್ರಿಗೆ ಬದ್ಧನಲ್ಲದ, ಅಲ್ಲಿರಲು ಹಕ್ಕುಳ್ಳ ಗೇಣಿದಾರನಿದ್ದರೆ ಅವನನ್ನು ಎಬ್ಬಿಸದೆ, ವಾರಂಟಿನ ಪ್ರತಿ ಅಂಟಿಸಿ, ಡಂಗುರ ಹೊಡೆಸಿ ಕಾಗದದ ಮೇಲಿನ ಸ್ವಾಧೀನ ಕೊಡಬೇಕು. 1908ರ ಕಾನೂನು ಪುಸ್ತಕದಾಗ ನಮ್ಮ ಹಲಗಿ ಅದ! ಆ ಹಲಗಿಯ ಅರ್ಥ, ‘ಮಾಲೀಕ ಬದಲಾದ, ನೀನು ಇದ್ದಲ್ಲೇ ಇರು’ ಅಂತ. ನಮ್ಮವನೇ ಬಡಿಯುತ್ತಾನೆ, ನಮ್ಮವರೇ ಕೇಳಿ ಗಂಟುಮೂಟೆ ಕಟ್ಟುತ್ತಾರೆ. ಶತಮಾನ ದಾಟಿತು, ನಮ್ಮ ಹಲಗಿ ಏನು ಹೇಳುತ್ತಿದೆ ಅಂತ ನಮಗೇ ಯಾರೂ ಓದಿ ಹೇಳಲಿಲ್ಲ.

ಕಾನೂನು ನಂಬಿ ಕೂಡ್ರಿ ಅಂತ ನಾವು ಹೇಳುತ್ತಿಲ್ಲ. ಮಹಾಡದ ಕೆರೆಯನ್ನೇ ನೋಡಿರಿ. ಕೆರೆ ಖಾಸಗಿ ಆಸ್ತಿ ಎಂದು ಸವರ್ಣೀಯರು 1927ರ ಡಿಸೆಂಬರಿನಲ್ಲಿ ಕೋರ್ಟಿನಿಂದ ಬಾಬಾಸಾಹೇಬರ ವಿರುದ್ಧ ತಡೆಯಾಜ್ಞೆ ತಂದರು. ಹೈಕೋರ್ಟಿನಲ್ಲಿ ಕೊನೆಯ ಗೆಲುವು ಸಿಕ್ಕಿದ್ದು 1937ರಲ್ಲಿ. ಸ್ವತಃ ಬ್ಯಾರಿಸ್ಟರ್ ಆದ ಬಾಬಾಸಾಹೇಬರಿಗೇ ಹತ್ತು ವರ್ಷ! ಡಿಕ್ರಿ ಜಾರಿಯ ಅರ್ಜಿ ಆರು ತಿಂಗಳಲ್ಲಿ ಮುಗಿಯಬೇಕು ಎಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿತು, ಅದೂ ಬೆಂಗಳೂರಿನ ಒಂದು ಆಸ್ತಿಯ ಕೇಸಿನಲ್ಲಿ. 2025ರ ಅಕ್ಟೋಬರಿನಲ್ಲಿ ಅದೇ ಕೋರ್ಟಿನ ಮುಂದೆ ಬಂದ ಲೆಕ್ಕ: ಬಾಕಿ ಬಿದ್ದ ಜಾರಿ ಅರ್ಜಿಗಳು 8 ಲಕ್ಷ 80 ಸಾವಿರಕ್ಕೂ ಮೇಲೆ.

ನಮ್ಮ ಚಳವಳಿಯ ಮೇಲೂ ನಮಗೆ ಸಿಟ್ಟಿದೆ. ಆದೇಶವಾದ ದಿನ ಮೆರವಣಿಗೆ ಮಾಡುತ್ತೇವೆ, ಭಾಷಣ ಬಿಗಿಯುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ಜೀಪು ಬರುವ ದಿನ ಹೊಲದಲ್ಲಿ ನಿಂತವರು ಎಷ್ಟು ಮಂದಿ? ಆ ದಿನ ಐನಾಪುರದ ಕಡೆಯ ಆ ಹೊಲದಲ್ಲಿ ಮುದುಕ, ಅವನ ಸೊಸೆ, ಎರಡು ಕೂಸು. ಎದುರಿಗೆ ನಲವತ್ತು ಜನ ಬಡಿಗೆ ಹಿಡಿದು ನಿಂತಿದ್ದರು. ನಾವು ಹಾಸ್ಟೆಲ್ಲಿನಲ್ಲಿ ಕ್ರಾಂತಿಯ ಬಗ್ಗೆ ಚರ್ಚೆ ಮಾಡುತ್ತಿದ್ದೆವು. ನಮ್ಮವರನ್ನು ಜಮೀನಿನಿಂದ ಅಕ್ರಮವಾಗಿ ಹೊರಹಾಕುವುದು, ಅನುಭೋಗಕ್ಕೆ ಅಡ್ಡಿ ಮಾಡುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಆ ದಿನವೇ ಠಾಣೆಗೆ ಹೋಗಿ ದೂರು ಬರೆಯುವವರು ನಮ್ಮಲ್ಲಿ ಒಬ್ಬನೂ ಇರಲಿಲ್ಲ.

ದೀಪಾವಳಿ ರಜಕ್ಕೆ ಊರಿಗೆ ಹೋಗುವವರು ಬರಿಗೈಲಿ ಬರಬೇಡಿರಿ. ಮನೆಯ ಹಳೇ ಪೆಟ್ಟಿಗೆ ತೆಗೆಸಿರಿ, ಪಟ್ಟಾ, ಪಹಣಿ, ಮಂಜೂರಾತಿ ಕಾಗದ ಏನಿದ್ದರೂ ನಕಲು ತನ್ನಿರಿ. ಆದೇಶವಾಗಿ ಕಬ್ಜಾ ಸಿಗದ ಹೊಲ ಎಷ್ಟು, ಯಾವ ಊರು, ಯಾವ ಸರ್ವೆ ನಂಬರು ಬರೆದು ತನ್ನಿರಿ. ಕೇರಿ ನಿಂತಿರುವ ಜಾಗ ಯಾರ ಹೆಸರಿನಲ್ಲಿದೆ, ಅದರ ಮೇಲೆ ದಾವೆ ನಡೆದಿದೆಯೇ ಕೇಳಿರಿ. ಚಿಂಚೋಳಿ, ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿ ಕಡೆಯವರು ರಜ ಮುಗಿದ ಮೊದಲ ಭಾನುವಾರ ಸೇರೋಣ. ಕಾನೂನು ಓದುವ ಗೆಳೆಯರು ಪುಸ್ತಕ ತರಲಿ. ಆ ನಾಲ್ಕು ಎಕರೆಯ ತೊಗರಿ ಡಿಸೆಂಬರಿನಲ್ಲಿ ಕೊಯ್ಲಿಗೆ ಬರುತ್ತದೆ.