‘ಸರ್ವರ್ ಇಲ್ಲ’ ಅನ್ನುವವರು ಅಳತೆ ತೋರಿಸಲಿ

ನಮ್ಮ ರಾಜ್ಯದಲ್ಲಿ ಯಾರೂ ಮರುಪ್ರಶ್ನೆ ಹಾಕದ ನೆಪ ಒಂದಿದೆ: ‘ಸರ್ವರ್ ಇಲ್ಲ’. ಪಡಿತರ ಅಂಗಡಿಯಲ್ಲಿ ಬೆರಳೊತ್ತಿ ನಿಂತವರಿಗೂ ಅದೇ ಉತ್ತರ, ನೋಂದಣಿ ಕಚೇರಿಯಲ್ಲಿ ಸಾಕ್ಷಿದಾರರನ್ನು ಕರೆದುಕೊಂಡು ಬಂದು ಕೂತವರಿಗೂ ಅದೇ ಉತ್ತರ. 2023ರಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ‘ಸರ್ವರ್ ಬ್ಯುಸಿ’ ಎಂಬುದು ಊರೂರಿನ ಮಾತಾಗಿತ್ತು. ಯಾವ ಸರ್ವರ್, ಅದರಲ್ಲಿ ಏನು ಬ್ಯುಸಿ, ಎಷ್ಟು ಹೊತ್ತಿನಿಂದ ಎಂದು ಕೇಳಿ ನೋಡಿ. ಉತ್ತರ ಹೇಳಬೇಕಾದವರಿಗೇ ಅದು ಗೊತ್ತಿರುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ. ಯಂತ್ರ ಕೆಡುವುದು ತಪ್ಪಲ್ಲ. ಅಳೆಯದೆ ಕೂರುವುದು ತಪ್ಪು, ಅದರಲ್ಲೂ ಅಳೆಯಲು ಕಾಸು ಖರ್ಚಿಲ್ಲದಿರುವಾಗ.

ಮಲೆನಾಡಿನ ಕೆಲವು ಸಹಕಾರ ಸಂಘಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕಸುಬು. ಅಂಥ ಒಂದು ಸಂಘದಲ್ಲಿ ಬೆಳಿಗ್ಗೆ ಹನ್ನೊಂದಾಯಿತೆಂದರೆ ಸಿಸ್ಟಮ್ ಹ್ಯಾಂಗ್ ಆಗುತ್ತಿತ್ತು. ಅಡಿಕೆ ದುಡ್ಡು ತೆಗೆಯಲು, ಬೆಳೆಸಾಲ ಕಟ್ಟಲು ಜನ ಸೇರುವ ಹೊತ್ತೂ ಅದೇ. ಕೌಂಟರಿನಲ್ಲಿ ಕೂತ ಹುಡುಗಿಗೆ ದಿನಾ ಬೈಗುಳ. ತಂತ್ರಾಂಶ ಮಾರಿದವರು ಯಂತ್ರ ಹಳತಾಯಿತು, ಹೊಸ ಸರ್ವರ್ ತನ್ನಿ ಎಂದು ಲಕ್ಷಗಟ್ಟಲೆ ಮೊತ್ತದ ಕೊಟೇಶನ್ ಕಳಿಸಿದರು. ‘ಮುಂದಿನ ಮೀಟಿಂಗಿಗೆ ಇಡ್ತೇನೆ, ನೀವೂ ಸರಿ ಅಂತ ಬರೆದುಕೊಡಿ ಮಾರಾಯ್ರೇ’ ಎಂದರು ಕಾರ್ಯದರ್ಶಿ. ಬರೆಯುವುದು ಆಮೇಲೆ, ಮೊದಲು ಒಂದು ವಾರ ಅಳೆದು ನೋಡೋಣ ಎಂದೆ.

ಅಳೆಯಲು ಹಾಕಿದ್ದು ನೋಡ್ ಎಕ್ಸ್‌ಪೋರ್ಟರ್ ಎಂಬ ಪುಟ್ಟ ಏಜೆಂಟ್. 2012ರಲ್ಲಿ ಸೌಂಡ್‌ಕ್ಲೌಡ್ ಎಂಬ ಸಂಗೀತದ ಕಂಪನಿಯಲ್ಲಿ ಹುಟ್ಟಿದ ಪ್ರೊಮಿಥಿಯಸ್ ತಂತ್ರಾಂಶದ ಬಳಗಕ್ಕೆ ಸೇರಿದ್ದು, ಬಿಟ್ಟಿ ಸಿಗುತ್ತದೆ. ಸಿಪಿಯು ಎಷ್ಟು ಹೊತ್ತು ದುಡಿಯಿತು, ಎಷ್ಟು ಹೊತ್ತು ಡಿಸ್ಕಿಗಾಗಿ ಕಾದಿತು, ಮೆಮೊರಿ ಎಷ್ಟು ಉಳಿದಿದೆ ಎಂಬ ಲೆಕ್ಕವನ್ನು ಲಿನಕ್ಸ್ ಯಂತ್ರ ಸದಾ ಇಟ್ಟುಕೊಂಡಿರುತ್ತದೆ. ಏಜೆಂಟ್ ಅದನ್ನು ಓದಿ 9100ನೇ ಪೋರ್ಟಿನಲ್ಲಿ ತೆರೆದಿಡುತ್ತದೆ, ಪ್ರೊಮಿಥಿಯಸ್ ಆಗಾಗ ಬಂದು ಒಯ್ಯುತ್ತದೆ. ಜಗಲಿಯ ಕರೆಂಟ್ ಮೀಟರಿನಂತೆ ಅದಕ್ಕೆ ಇರುವುದು ಎಣಿಸುವ ಕೆಲಸ ಮಾತ್ರ. ಒಂದು ಅಳತೆಗೆ ಒಂದೆರಡು ಬೈಟ್ ಜಾಗ ಸಾಕು, ಹಾಗಾಗಿ 15 ಸೆಕೆಂಡಿಗೊಮ್ಮೆ ಅಳೆಯಲು ಜಿಪುಣತನ ಬೇಡ. ದಿನದ ಸರಾಸರಿ ತೆಗೆದರೆ ಹನ್ನೊಂದು ಗಂಟೆಯ ಗೋಳು ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ.

ಗ್ರಾಫ್ ನೋಡಿದ ಮಾರಾಟಗಾರರಿಗೆ ಮೊದಲು ಖುಷಿಯೇ ಆಯಿತು. ಹನ್ನೊಂದಕ್ಕೆ ಸರಿಯಾಗಿ ‘ಲೋಡ್ ಆವರೇಜ್’ ಜಿಗಿಯುತ್ತಿತ್ತು. ‘ನೋಡಿ, ಯಂತ್ರಕ್ಕೆ ತಡೆಯೋಕಾಗ್ತಿಲ್ಲ’ ಎಂದರು. ಆದರೆ ಅದೇ ಹೊತ್ತಿಗೆ ಸಿಪಿಯು ಹೆಚ್ಚುಕಡಿಮೆ ಕೈಕಟ್ಟಿ ಕೂತಿತ್ತು. ಲಿನಕ್ಸಿನಲ್ಲಿ ಈ ಲೋಡ್ ಸಂಖ್ಯೆಗೆ ದುಡಿಯುತ್ತಿರುವ ಕೆಲಸಗಳಷ್ಟೇ ಸೇರುವುದಿಲ್ಲ. ಡಿಸ್ಕ್ ಉತ್ತರ ಕೊಡಲೆಂದು ಅಲುಗಾಡದೆ ಕಾಯುತ್ತಿರುವವೂ ಸೇರುತ್ತವೆ. ಇದನ್ನು ತಿಳಿಯದೆ ಮಾರಿದ ಸರ್ವರ್‌ಗಳು ಎಷ್ಟಿವೆಯೋ! ಡಿಸ್ಕಿನ ಗ್ರಾಫ್ ತೆರೆದರೆ ಅಲ್ಲಿತ್ತು ಕಾರಣ. ದಿನದ ಬ್ಯಾಕಪ್ ಕೆಲಸಕ್ಕೆ ನಸುಕಿನ 5.30 ಎಂದು ಹೊತ್ತು ಕೊಟ್ಟಿದ್ದರು. ಯಂತ್ರದ ಗಡಿಯಾರ ಓಡುತ್ತಿದ್ದುದು ಗ್ರೀನಿಚ್ ಹೊತ್ತಿನಲ್ಲಿ. ಅಲ್ಲಿ 5.30 ಆದರೆ ಇಲ್ಲಿ ಹನ್ನೊಂದು. ಸದಸ್ಯರು ಸಾಲು ನಿಂತಾಗಲೇ ಇಡೀ ಲೆಡ್ಜರ್ ನಕಲಾಗುತ್ತಿತ್ತು. ಒಂದು ಸಾಲು ತಿದ್ದಿದ್ದಕ್ಕೆ ಮುಗಿಯಿತು. ಕೊಟೇಶನ್ ಈಗಲೂ ಫೈಲಿನಲ್ಲಿದೆ.

ಮೆಮೊರಿ ಮಾರುವವರ ಕತೆಯೂ ಇಂಥದ್ದೇ. ಖಾಲಿ ಉಳಿದ ಮೆಮೊರಿಯನ್ನು ಲಿನಕ್ಸ್ ಫೈಲುಗಳನ್ನು ಕೈಗೆಟುಕುವಂತೆ ಇಟ್ಟುಕೊಳ್ಳಲು ಬಳಸುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ಹಾಗಾಗಿ ‘ಫ್ರೀ’ ಎಂಬ ಅಂಕಿ ಯಾವಾಗಲೂ ಬಡಕಲು. ನಿಜವಾಗಿ ಎಷ್ಟು ಸಿಗುತ್ತದೆ ಎಂದು ಹೇಳುವ ‘ಅವೈಲಬಲ್’ ಎಂಬ ಬೇರೆ ಅಂಕಿ 2014ರ 3.14ನೇ ಆವೃತ್ತಿಯಿಂದಲೇ ಇದೆ. ಆದರೂ ಬಡಕಲು ಅಂಕಿ ತೋರಿಸಿ ರ‍್ಯಾಮ್ ಮಾರುವುದು ನಿಂತಿಲ್ಲ.

ಹಾಗೆಂದು ಏಜೆಂಟ್ ಎಂದ ಕೂಡಲೇ ಕಣ್ಣುಮುಚ್ಚಿ ಹಾಕಬೇಕೆಂದು ನಾನು ಹೇಳುವುದಿಲ್ಲ. ದೊಡ್ಡ ಸಂಸ್ಥೆಗಳ ಜಾಲಗಳ ಮೇಲೆ ಕಣ್ಣಿಡುವ ಸೋಲಾರ್‌ವಿಂಡ್ಸ್‌ನ ಓರಿಯಾನ್ ತಂತ್ರಾಂಶದೊಳಗೆ ಕಳ್ಳರು ಹೊಕ್ಕಿದ್ದು ಬಯಲಾದದ್ದು 2020ರ ಡಿಸೆಂಬರಿನಲ್ಲಿ. ಕೆಟ್ಟ ಅಪ್‌ಡೇಟ್ ತಲುಪಿದ ಗ್ರಾಹಕ ಸಂಸ್ಥೆಗಳು 18,000ಕ್ಕಿಂತ ಕಡಿಮೆ ಎಂದು ಕಂಪನಿಯೇ ಹೇಳಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ಕಾವಲು ಏಜೆಂಟಿನ ಒಂದು ಅಪ್‌ಡೇಟಿಗೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು, ನಮ್ಮ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಆ ಏಜೆಂಟ್ ಇದ್ದುದು ವಿಂಡೋಸಿನ ತೀರ ಒಳಗೆ. ಅಳತೆಯ ಏಜೆಂಟಿಗೆ ಅಷ್ಟು ಸಲಿಗೆ ಬೇಕೇ ಇಲ್ಲ. ಅದಕ್ಕೆಂದೇ ಒಂದು ಬಡ ಬಳಕೆದಾರ ಖಾತೆ ಮಾಡಿ ಓಡಿಸಿದರೆ ಸಾಕು.

ನಮ್ಮಲ್ಲಿ ಕೆಡುವುದು ಬೇರೆ ಕಡೆ. ತಂತ್ರಾಂಶದ ಜೊತೆ ಬರುವ ಮಾದರಿ ಸಂರಚನೆಯನ್ನು ಹಾಗೇ ಓಡಿಸಿ ನೋಡುತ್ತೇವೆ, ಅಂಕಿ ಬಂತೆಂದು ಖುಷಿಪಟ್ಟು ಹಾಗೇ ಬಿಡುತ್ತೇವೆ. ಮಾದರಿಯಲ್ಲಿ 9100ನೇ ಪೋರ್ಟ್ ಪಾಸ್‌ವರ್ಡ್ ಇಲ್ಲದೆ ಎಲ್ಲ ಕಡೆಗೂ ತೆರೆದಿರುತ್ತದೆ. ಫೈರ್‌ವಾಲ್ ಹಾಕದಿದ್ದರೆ ನಿಮ್ಮ ಯಂತ್ರದ ಜಾತಕ ದಾರಿಹೋಕರಿಗೂ ಸಿಗುತ್ತದೆ. ಪ್ರೊಮಿಥಿಯಸ್ ತಾನಾಗಿ ಇಟ್ಟುಕೊಳ್ಳುವುದು 15 ದಿನಗಳ ಲೆಕ್ಕ ಮಾತ್ರ. ಈ ಮಾರ್ಚ್ ಕೊನೆಯ ನೂಕುನುಗ್ಗಲನ್ನು ಹೋದ ಮಾರ್ಚಿನ ಜೊತೆ ಇಟ್ಟು ನೋಡಬೇಕೆಂದರೆ ಆ ಅವಧಿಯನ್ನು ನಾವೇ ಹಿಗ್ಗಿಸಬೇಕು.

ಸಣ್ಣ ಸಂಘವೊಂದು ಮಾಡಬಹುದಾದ್ದನ್ನು ಸರ್ಕಾರಿ ಇಲಾಖೆಗಳು ಮಾಡಲು ಏನು ಕಷ್ಟ? ಒಳಗೆ ಅಳೆಯುತ್ತಿದ್ದರೆ ಜನರ ಮುಂದೆ ಇಡಲಿ. ಸೇವೆ ಈ ವಾರ ಎಷ್ಟು ಹೊತ್ತು ನಿಂತಿತ್ತು, ಒಂದು ಅರ್ಜಿ ಮುಗಿಯಲು ಎಷ್ಟು ಸೆಕೆಂಡ್ ಹಿಡಿಯಿತು ಎಂಬೆರಡು ಅಂಕಿ ಕಚೇರಿಯ ಗೋಡೆಯ ಮೇಲೆ ಕಾಣಲಿ. ಟೆಂಡರಿನಲ್ಲೇ ಇದನ್ನು ಷರತ್ತಾಗಿ ಬರೆಯಲಿ. ನೀವು ಯಾವುದಾದರೂ ಸಂಘದ ಸದಸ್ಯರಾಗಿದ್ದರೆ, ಹೊಸ ಸರ್ವರಿಗೆ ಮಂಜೂರಾತಿ ಕೇಳುವ ಸಭೆಯಲ್ಲಿ ಕೈ ಎತ್ತುವ ಮೊದಲು ಹೋದ ತಿಂಗಳ ಗ್ರಾಫ್ ತೋರಿಸಿ ಎಂದು ಕೇಳಿ.