ಮುದಿ ಕುದುರೆಯ ಕೀಲುನೋವು: ಪುಡಿಗಿಂತ ಮೊದಲು ನೀರು ನೋಡಿ

ಮನೆಯಲ್ಲಿ ಅಜ್ಜನಿಗೆ ಮೊಣಕಾಲು ಹಿಡಿದುಕೊಂಡರೆ ಔಷಧಿ ಅಂಗಡಿಯಿಂದ ಕೀಲಿನ ಗುಳಿಗೆ ಬರುತ್ತದೆ. ಕೊಟ್ಟಿಗೆಯ ಕುದುರೆಗೆ ವಯಸ್ಸಾಗಿ ಕಾಲು ಬಿಗಿದರೆ ಈಗ ಅದಕ್ಕೂ ಒಂದು ಡಬ್ಬಿ ಪುಡಿ ಸಿಗುತ್ತದೆ. ರಾಯಚೂರಿನಲ್ಲಿ ಮೆರವಣಿಗೆಗೆಂದು ಕುದುರೆ ಸಾಕಿದವರಿರಲಿ, ದೇವದುರ್ಗ, ಮಾನ್ವಿ ಕಡೆ ಹಳೆಯ ಎತ್ತನ್ನು ಮಾರದೆ ಉಳಿಸಿಕೊಂಡ ರೈತರಿರಲಿ, ಅವರ ಪ್ರಶ್ನೆ ಒಂದೇ: ‘ಯಾವ ಪುಡಿ ಒಳ್ಳೆಯದು?’

ನನ್ನ ಉತ್ತರ ಕೆಲವರಿಗೆ ರುಚಿಸಲಿಕ್ಕಿಲ್ಲ. ನಮ್ಮ ಜಿಲ್ಲೆಯ ಮಟ್ಟಿಗೆ ಪುಡಿ ಆರಿಸುವುದು ಕೊನೆಯ ಕೆಲಸ. ಪ್ರಾಣಿ ಕುಡಿಯುವ ನೀರು, ತಿನ್ನುವ ಮೇವು, ಊರುವ ಗೊರಸು, ಈ ಮೂರನ್ನು ನೋಡುವುದು ಮೊದಲ ಕೆಲಸ.

ಪುಡಿಯಲ್ಲಿ ಏನಿದೆ?

ಎರಡು ಮೂಳೆಗಳು ಕೂಡುವಲ್ಲಿ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ವರ್ಷಗಟ್ಟಲೆ ದುಡಿದ ಕೀಲಿನಲ್ಲಿ ಅದು ಸವೆಯುತ್ತದೆ. ಕೀಲಿನ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವ ಗ್ಲುಕೋಸಮೈನ್ ಮತ್ತು ಕಾಂಡ್ರಾಯ್ಟಿನ್ ಈ ಮೃದ್ವಸ್ಥಿಗೆ ಬೇಕಾದ ವಸ್ತುಗಳೇ. ಸೀಗಡಿ, ಏಡಿಗಳ ಚಿಪ್ಪಿನಿಂದ ಗ್ಲುಕೋಸಮೈನ್ ತೆಗೆಯುತ್ತಾರೆ. ‘ಸವೆದದ್ದನ್ನೇ ತಿನ್ನಿಸಿದರೆ ಸವೆದ ಜಾಗ ತುಂಬುತ್ತದೆ’ ಎಂಬ ಲೆಕ್ಕ ಕೇಳಲು ಚೆನ್ನಾಗಿದೆ. ಆದರೆ ಕುದುರೆಯ ಹೊಟ್ಟೆಗೆ ಹೋದ ಗ್ಲುಕೋಸಮೈನ್‌ನಲ್ಲಿ ರಕ್ತಕ್ಕೆ ಸೇರುವುದು ತೀರ ಚಿಕ್ಕ ಪಾಲು. ಅದು ನೋವನ್ನು ಖಚಿತವಾಗಿ ತಗ್ಗಿಸುತ್ತದೆ ಎನ್ನಲು ಗಟ್ಟಿ ಸಾಕ್ಷ್ಯ ಇಲ್ಲಿಯವರೆಗೆ ಸಿಕ್ಕಿಲ್ಲ.

ಮನುಷ್ಯರ ವಿಷಯದಲ್ಲೂ ಕಥೆ ಹೆಚ್ಚು ಬೇರೆಯಿಲ್ಲ. ಅಮೆರಿಕದಲ್ಲಿ ಮೊಣಕಾಲು ಸವೆತದ 1,583 ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಒಟ್ಟಾರೆ ನೋಡಿದರೆ ಈ ಎರಡು ವಸ್ತುಗಳು ಬರೀ ಹುಸಿಗುಳಿಗೆಗಿಂತ ಮೇಲೆನಿಸಲಿಲ್ಲ. ಅದೇ ವರ್ಷ ಕುದುರೆಗಳ 23 ಪೂರಕ ಪುಡಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ, 9ರಲ್ಲಿ ಲೇಬಲ್ಲಿನಲ್ಲಿ ಬರೆದಷ್ಟು ಗ್ಲುಕೋಸಮೈನ್ ಇರಲಿಲ್ಲ. ಡಬ್ಬಿಯ ಮೇಲಿನ ಓಡುವ ಕುದುರೆಯ ಚಿತ್ರಕ್ಕೂ ಒಳಗಿನ ಪುಡಿಗೂ ಸಂಬಂಧ ಇರಲೇಬೇಕೆಂದಿಲ್ಲ.

ನೀರಿನಲ್ಲಿರುವ ನೋವು

ಈಗ ನಮ್ಮೂರಿಗೆ ಬನ್ನಿ. ದೇವದುರ್ಗ, ಮಾನ್ವಿ, ಲಿಂಗಸುಗೂರು ತಾಲ್ಲೂಕುಗಳ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಇದು ಕಾರ್ಖಾನೆಯಿಂದ ಬಂದದ್ದಲ್ಲ, ನೆಲದಡಿಯ ಬಂಡೆಯಿಂದ ನೀರಿಗೆ ಇಳಿದದ್ದು. ಬಣ್ಣವಿಲ್ಲ, ವಾಸನೆಯಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಜಾನುವಾರುಗಳಿಗೆ ಸಾಮಾನ್ಯವಾಗಿ 2 ಮಿಲಿಗ್ರಾಂ ಮಿತಿ ಎನ್ನುತ್ತಾರೆ. ಇದಕ್ಕಿಂತ ಹೆಚ್ಚಿನ ಫ್ಲೋರೈಡ್ ವರ್ಷಗಟ್ಟಲೆ ಒಳಹೊಕ್ಕರೆ ಮೂಳೆಯಲ್ಲಿ ಸೇರಿಕೊಳ್ಳುತ್ತದೆ. ಕೀಲುಗಳು ಬಿಗಿಯುತ್ತವೆ, ಮೂಳೆಯ ಮೇಲೆ ಗಂಟುಗಳೇಳುತ್ತವೆ, ಪ್ರಾಣಿ ಮೆಟ್ಟಲು ಹಿಂಜರಿಯುತ್ತದೆ.

ಈ ರೋಗವನ್ನು ನಮ್ಮ ದೇಶದಲ್ಲಿ ಮೊದಲು ಗುರುತಿಸಿದ ಬಗೆಯನ್ನು ನೆನೆಯಬೇಕು. 1937ರಲ್ಲಿ ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು ಮನುಷ್ಯರ ಫ್ಲೋರೋಸಿಸ್ ಬಗ್ಗೆ ವರದಿ ಬರೆದರು. ಅದಕ್ಕೂ ಮೊದಲೇ ಅಲ್ಲಿನ ರೈತರು ತಮ್ಮ ಉಳುವ ಎತ್ತುಗಳು ಕೀಲು ಬಿಗಿದು ನಡೆಯಲಾಗದೆ ನಿಲ್ಲುವುದನ್ನು ಕಂಡಿದ್ದರು. ಎತ್ತಿನ ಕಾಲು ಹೇಳಿದ್ದನ್ನು ಮನುಷ್ಯರ ಬೆನ್ನು ಕೆಲವು ವರ್ಷಗಳ ನಂತರ ಹೇಳಿತು.

ಫ್ಲೋರೈಡಿಗೆ ದನಗಳು ಬೇಗ ತುತ್ತಾಗುತ್ತವೆ, ಕುದುರೆ ತುಸು ತಡೆದುಕೊಳ್ಳುತ್ತದೆ. ಆದರೆ ಬೇಸಿಗೆಯಲ್ಲಿ ದಿನಕ್ಕೆ 40 ಲೀಟರಿಗೂ ಹೆಚ್ಚು ನೀರು ಕುಡಿಯುವ ಕುದುರೆ ಹದಿನೈದು ವರ್ಷ ಅದೇ ಬಾವಿಯ ನೀರು ಕುಡಿದಿದ್ದರೆ ಲೆಕ್ಕ ನೀವೇ ಹಾಕಿ. ಬಿಗಿದ ಕೀಲಿಗೆ ಪುಡಿ ತಿನ್ನಿಸುತ್ತ, ಅದೇ ಬಾವಿಯ ನೀರನ್ನು ತೊಟ್ಟಿಗೆ ಸುರಿಯುವುದು ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ.

ನೀರಿನ ಪರೀಕ್ಷೆಗೆ ಮೊದಲು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದಲ್ಲೂ ಮಾಡಿಸಬಹುದು. ಒಂದು ಎಚ್ಚರಿಕೆ: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಂತೆ ಅದರ ಸಾಂದ್ರತೆ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದೂ ವ್ಯರ್ಥ. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ ಹರಿಯುವ ದಿನಗಳಲ್ಲಿ ಪ್ರಾಣಿಗೆ ಕಾಲುವೆ ನೀರು, ಉಳಿದ ದಿನ ಕೆರೆಯ ಅಥವಾ ಸಂಗ್ರಹಿಸಿದ ಮಳೆ ನೀರು ಕೊಡಲು ಸಾಧ್ಯವೇ ನೋಡಿ. ಪೂರ್ತಿ ಬದಲಿಸಲಾಗದಿದ್ದರೆ ಬೆರೆಸಿ ಕೊಟ್ಟರೂ ಲಾಭವಿದೆ.

ತೌಡಿನ ತೊಂದರೆ

ರಾಯಚೂರು ನಗರಕ್ಕೆ ನದಿ ನೀರು ಬರುತ್ತದೆ, ನಮಗೇನು ಎನ್ನಬೇಡಿ. ಅಕ್ಕಿ ಗಿರಣಿಗಳ ಊರಿನಲ್ಲಿ ತೌಡು ಸುಲಭವಾಗಿ ಸಿಗುತ್ತದೆ, ಭತ್ತದ ಹುಲ್ಲೂ ಸಿಗುತ್ತದೆ. ತೌಡಿನಲ್ಲಿ ರಂಜಕ ಬಹಳ, ಸುಣ್ಣದಂಶ ಅತ್ಯಲ್ಪ. ಭತ್ತದ ಹುಲ್ಲಿನಲ್ಲಿರುವ ಆಕ್ಸಲೇಟ್ ಇದ್ದ ಸುಣ್ಣದಂಶವನ್ನೂ ಹಿಡಿದಿಡುತ್ತದೆ. ಬರೀ ಇವೆರಡನ್ನೇ ತಿನ್ನುವ ಕುದುರೆ, ರಕ್ತಕ್ಕೆ ಬೇಕಾದ ಸುಣ್ಣವನ್ನು ತನ್ನ ಮೂಳೆಯಿಂದಲೇ ಕೀಳತೊಡಗುತ್ತದೆ. ಆಗ ಕುಂಟುತ್ತದೆ, ಕೆಲವೊಮ್ಮೆ ಮುಖದ ಮೂಳೆ ಊದಿಕೊಳ್ಳುತ್ತದೆ. ಇದಕ್ಕೆ ಗ್ಲುಕೋಸಮೈನ್ ಮದ್ದಲ್ಲ. ತೌಡು ತಗ್ಗಿಸಿ ಕುದುರೆ ಮಸಾಲೆ ಸೊಪ್ಪು, ಶೇಂಗಾ ಹೊಟ್ಟು ಕೊಡುವುದು ಮದ್ದು. ಸುಣ್ಣದಂಶ ಸಾಲದ ದೇಹದಲ್ಲಿ ಫ್ಲೋರೈಡಿನ ಹಾವಳಿಯೂ ಹೆಚ್ಚು. ಖನಿಜ ಮಿಶ್ರಣ ಕೊಳ್ಳುವುದಾದರೆ ಐಎಸ್‌ಐ ಗುರುತಿರುವುದನ್ನೇ ಕೊಳ್ಳಿ. ಶುದ್ಧಿ ಮಾಡದ ರಂಜಕದ ಕಲ್ಲಿನಿಂದ ತಯಾರಿಸಿದ ಅಗ್ಗದ ಮಿಶ್ರಣದಲ್ಲಿ ಫ್ಲೋರಿನ್ ಇರಬಹುದು. ಕಾಯಿಲೆಯನ್ನೇ ದುಡ್ಡು ಕೊಟ್ಟು ತಂದಂತೆ ಆದೀತು.

ಗೊರಸು, ದುಡಿಮೆ, ಸೂಜಿ

ಕುಂಟುವ ಕುದುರೆಯ ದೋಷ ಎಷ್ಟೋ ಸಲ ಕೀಲಿನಲ್ಲಿರದೆ ಗೊರಸಿನಲ್ಲಿರುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಬದಲಿಸಬೇಕು. ಮೈ ಹೆಚ್ಚಿದ್ದರೆ ಇಳಿಸಬೇಕು. ಮುದಿ ಕೀಲಿಗೆ ಕಟ್ಟಿ ನಿಲ್ಲಿಸುವುದೂ ಕೆಟ್ಟದ್ದು, ಕಾದ ಡಾಂಬರು ರಸ್ತೆಯ ಮೇಲೆ ಓಡಿಸುವುದೂ ಕೆಟ್ಟದ್ದು. ಬೆಳಗಿನ ತಂಪಿನಲ್ಲಿ ಮಣ್ಣಿನ ಹಾದಿಯ ನಿಧಾನ ನಡಿಗೆ ಒಳ್ಳೆಯದು.

ಮನೆಯಲ್ಲಿರುವ ನೋವಿನ ಗುಳಿಗೆಯನ್ನು ಪ್ರಾಣಿಗೆ ನುಂಗಿಸಲೇಬೇಡಿ. ನೋವುನಿವಾರಕಗಳು ಅಳತೆ ತಪ್ಪಿದರೆ ಕುದುರೆಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಪ್ರಾಣಿಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ಸರ್ಕಾರ 2006ರಲ್ಲಿ ನಿಷೇಧಿಸಿತು. ಆ ಔಷಧಿ ಪಡೆದು ಸತ್ತ ದನಗಳ ಮಾಂಸ ತಿಂದು ರಣಹದ್ದುಗಳ ಸಂತತಿಯೇ ನಶಿಸುವ ಸ್ಥಿತಿಗೆ ಬಂದಿತ್ತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ಆ ಪಟ್ಟಿಗೆ ಸೇರಿದವು. ನೋವಿಗೆ ಏನು ಕೊಡಬೇಕು, ಎಷ್ಟು ಕೊಡಬೇಕು ಎಂಬುದನ್ನು ಪಶುವೈದ್ಯರೇ ಹೇಳಬೇಕು. ಆಸ್ಪತ್ರೆ ದೂರವಿದ್ದರೆ ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಕರೆ ಮಾಡಿ.

ಇಷ್ಟಾದ ಮೇಲೂ ಪುಡಿ ಬೇಕೆಂದರೆ

ಪಶುವೈದ್ಯರು ಕೀಲು ಸವೆತವೆಂದೇ ನಿಶ್ಚಯಿಸಿ, ನೀರು, ಮೇವು, ಗೊರಸು ಸರಿಪಡಿಸಿದ ಮೇಲೂ ಒಮ್ಮೆ ನೋಡೋಣ ಎನಿಸಿದರೆ ಬೇಡವೆನ್ನುವುದಿಲ್ಲ. ಆದರೆ ಹೀಗೆ ಮಾಡಿ. ಒಂದು ಅಳತೆಯಲ್ಲಿ ಪ್ರತಿ ವಸ್ತು ಎಷ್ಟು ಮಿಲಿಗ್ರಾಂ ಎಂದು ಬರೆಯದ ಡಬ್ಬಿಯನ್ನು ಮುಟ್ಟಬೇಡಿ. ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ನೋಡಿ. ಒಂದು ಸಲಕ್ಕೆ ಒಂದೇ ಪುಡಿ ಕೊಡಿ. ಶುರು ಮಾಡುವ ಮುನ್ನ, ಬೆಳಿಗ್ಗೆ ಬಿಟ್ಟಾಗ ಎಷ್ಟು ಹೆಜ್ಜೆಗೆ ಕಾಲು ಸಡಿಲವಾಗುತ್ತದೆ ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ವಾರಕ್ಕೊಮ್ಮೆ ಮತ್ತೆ ಬರೆಯಿರಿ. ಎರಡು ತಿಂಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ, ಆ ಹಣವನ್ನು ಹಸಿರು ಮೇವಿಗೆ ಹಾಕಿ. ಲೇಬಲ್ಲಿಲ್ಲದ ಪುಡಿ ಎರಡೇ ದಿನದಲ್ಲಿ ಪವಾಡ ಮಾಡಿದರೆ ಸಂತೋಷಪಡಬೇಡಿ, ಸಂಶಯಪಡಿ. ಅದರಲ್ಲಿ ಸ್ಟಿರಾಯ್ಡ್ ಬೆರೆತಿರಬಹುದು. ಕುದುರೆಗೆ ಸ್ಟಿರಾಯ್ಡ್ ಗೊರಸಿನ ಉರಿಯೂತ ತರುವ ಅಪಾಯವಿದೆ.

ದುಡಿದು ಮುದಿಯಾದ ಪ್ರಾಣಿಗೆ ದುಬಾರಿ ಡಬ್ಬಿ ತರುವವರ ಮಮತೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆ ಮಮತೆ ಸರಿಯಾದ ಕಡೆ ಖರ್ಚಾಗಲಿ ಎಂಬುದಷ್ಟೇ ನನ್ನ ಮಾತು. ಹಳ್ಳಿಯ ಮನೆಗಳಲ್ಲಿ ಪ್ರಾಣಿಯ ತೊಟ್ಟಿಗೂ ಅಡುಗೆಮನೆಯ ಕೊಡಕ್ಕೂ ನೀರು ಬರುವುದು ಹೆಚ್ಚಾಗಿ ಒಂದೇ ಕೊಳವೆಬಾವಿಯಿಂದ. ಕುದುರೆ ಬೆಳಿಗ್ಗೆ ಬಿಗಿದ ಕಾಲು ಎಳೆಯುತ್ತಿದ್ದರೆ, ಅದೇ ಮನೆಯ ಅಜ್ಜಿ ಬಗ್ಗಲಾರೆ ಎನ್ನುತ್ತಿದ್ದರೆ, ಮಗುವಿನ ಹಲ್ಲಿನ ಮೇಲೆ ಕಂದು ಗೆರೆ ಮೂಡಿದ್ದರೆ, ಮೂವರಿಗೂ ಮೂರು ಡಬ್ಬಿ ತರಬೇಡಿ. ಈ ವಾರವೇ ಒಂದು ಸೀಸೆ ನೀರು ಹಿಡಿದು ಪರೀಕ್ಷೆಗೆ ಕಳಿಸಿ.