ಪುರಸಭೆಯ ದಂಡಕ್ಕೆ ವಿನಾಯಿತಿ ಬೇಕೆ?



ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದವನು ಈಗ ಪುರಸಭೆಯ ಸದಸ್ಯ. ಕಾಫಿ ಕುಡಿಯುತ್ತ, "ಮೇಷ್ಟ್ರೇ, ಕಸದ ರಾಶಿ ಕರಗಿಸಿಲ್ಲ ಅಂತ ತಿಂಗಳಿಗೆ ಲಕ್ಷ ರೂಪಾಯಿ ದಂಡ ಅಂದರೆ ನಾವೆಲ್ಲಿಂದ ತರೋಣ? ಸ್ಥಳೀಯ ಸಂಸ್ಥೆಗಳಿಗೆ ವಿನಾಯಿತಿ ಕೊಡಬೇಕು ಅಂತ ನೀವೊಂದು ಲೇಖನ ಬರೀರಿ" ಎಂದ.

ಅವನ ಲೆಕ್ಕ ಸುಳ್ಳಲ್ಲ. ಹಳೆಯ ಕಸದ ರಾಶಿಗಳ ವಿಲೇವಾರಿಗೆ ಕೈಹಾಕದ ಸಂಸ್ಥೆಗಳು 2020ರ ಏಪ್ರಿಲ್‌ನಿಂದ ತಿಂಗಳಿಗಿಷ್ಟೆಂದು ಪರಿಹಾರ ತೆರಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ವಿಧಿಸಿತು. 10 ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಕ್ಕೆ 10 ಲಕ್ಷ ರೂಪಾಯಿ, 5ರಿಂದ 10 ಲಕ್ಷದವರೆಗೆ 5 ಲಕ್ಷ, ಉಳಿದವಕ್ಕೆ 1 ಲಕ್ಷ. 2022ರ ಅಕ್ಟೋಬರ್‌ನಲ್ಲಂತೂ ಕಸ ಮತ್ತು ಕೊಳಚೆಯ ನಿರ್ವಹಣಾ ಲೋಪಕ್ಕಾಗಿ ಇಡೀ ಕರ್ನಾಟಕಕ್ಕೇ 2,900 ಕೋಟಿ ರೂಪಾಯಿ!

ನಾನು ಹೊಸದಾಗಿ ನೌಕರಿಗೆ ಸೇರಿದಾಗ ತಡವಾಗಿ ಬಂದ ಹುಡುಗರಿಗೆ ನಾಲ್ಕಾಣೆ ದಂಡ ಹಾಕುತ್ತಿದ್ದೆ. ಒಂದು ದಿನ ಒಬ್ಬ ಹುಡುಗನ ತಾಯಿ ಬೀಡಿ ಕಟ್ಟಿದ ಕೈಯಲ್ಲೇ ಬಂದು ಚಿಲ್ಲರೆ ಎಣಿಸಿ ಕೊಟ್ಟಳು. ತಪ್ಪು ಮಗನದು, ದಂಡ ತಾಯಿಯದು. ನಾಚಿಕೆಯಾಯಿತು. ಅಂದಿನಿಂದ ತಡವಾಗಿ ಬಂದವರು ಶಾಲೆಯ ಗಿಡಗಳಿಗೆ ನೀರು ಹೊರಬೇಕೆಂದು ಮಾಡಿದೆ. ತಡವನ್ನು ಮಾತ್ರ ಮನ್ನಿಸಲಿಲ್ಲ. (ನೀರು ಹೊತ್ತವರಲ್ಲಿ ಕೆಲವರು ಇದನ್ನು ಓದುತ್ತಿದ್ದೀರೆಂದು ಬಲ್ಲೆ.)

ಪುರಸಭೆಯ ದಂಡವೂ ಕೊನೆಗೆ ಮನೆಕಂದಾಯ ಕಟ್ಟುವವನ ಮೇಲೆಯೇ ಬೀಳುತ್ತದೆ. ಖಜಾನೆ ಬರಿದಾದರೆ ಮೊದಲು ತಡವಾಗುವುದು ಪೌರಕಾರ್ಮಿಕರ ಸಂಬಳ. ಹಾಗೆಂದು ಪೂರ್ತಿ ವಿನಾಯಿತಿ ಕೊಟ್ಟರೆ ತೆರುವವರು ಯಾರು? ಊರ ಚರಂಡಿ ಬಂದು ಸೇರುವ ಕೆರೆಯ ಕೆಳಗಿನ ರೈತ, ಕಸದ ಹೊಗೆ ಕುಡಿಯುವ ಪಕ್ಕದ ಹಳ್ಳಿಯ ಮಕ್ಕಳು. ಅವರು ಆ ಪುರಸಭೆಯ ಮತದಾರರೂ ಅಲ್ಲ. ಕಾರ್ಖಾನೆಯ ಕೊಳಚೆಗೆ ದಂಡ ಹಾಕಿ, ಊರಿನ ಕೊಳಚೆಯನ್ನು ಮಾತ್ರ ಪುಣ್ಯೋದಕವೆಂದು ಬಿಡಲಾದೀತೆ?

1977ರ ಜಲಮಾಲಿನ್ಯ ಕರದ ಕಾಯಿದೆ ಈ ವಿಷಯದಲ್ಲಿ ಜಾಣತನ ತೋರಿತ್ತು. ಕೈಗಾರಿಕೆಗಳ ಜೊತೆಗೆ ಸ್ಥಳೀಯ ಸಂಸ್ಥೆಗಳೂ ತಾವು ಬಳಸಿದ ನೀರಿಗೆ ಕರ ತೆರಬೇಕಿತ್ತು. ಶುದ್ಧೀಕರಣ ಘಟಕ ಸ್ಥಾಪಿಸಿದವರಿಗೆ ರಿಯಾಯಿತಿಯಿತ್ತು. ಅಂದರೆ ವಿನಾಯಿತಿಯನ್ನು ಕೇಳಿ ಪಡೆಯುವಂತಿರಲಿಲ್ಲ, ದುಡಿದು ಪಡೆಯಬೇಕಿತ್ತು. ಜಿಎಸ್‌ಟಿ ಬಂದ 2017ರಲ್ಲಿ ಆ ಕರ ರದ್ದಾಯಿತು.

ಆದ್ದರಿಂದ ಅವನಿಗೆ ಹೇಳಿದೆ: "ವಿನಾಯಿತಿ ಕೊಡಿ ಎಂದು ನಾನು ಬರೆಯಲಾರೆನಪ್ಪ. ದಂಡದ ಹಣ ನಿಮ್ಮ ಊರಿನ ಹೆಸರಿನಲ್ಲೇ ಪ್ರತ್ಯೇಕ ಖಾತೆಯಲ್ಲಿರಲಿ, ರಾಶಿ ಕರಗಿದಷ್ಟೂ ಆ ಕೆಲಸಕ್ಕೇ ಬಿಡುಗಡೆಯಾಗಲಿ ಎಂದು ಬೇಕಾದರೆ ಬರೆಯುತ್ತೇನೆ. ಎಂಜಿನಿಯರನ್ನೂ ಅನುದಾನವನ್ನೂ ಕೊಡದ ಸರ್ಕಾರವೂ ಅದರಲ್ಲಿ ಪಾಲು ಹಾಕಲಿ."

ಅವನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. "ಮೊದಲು ಬಂದು ಆ ರಾಶಿ ನೋಡಿ ಮೇಷ್ಟ್ರೇ" ಎಂದ. ಬರುವ ಸೋಮವಾರ ಹೋಗಲಿದ್ದೇನೆ.